ಅಮೃತಸರದ ಟಿಕೆಟ್ ತೆಗೆಸುವ ಮುನ್ನ ಒಂದು ದಿನ ಬೀದರಿಗೆ ಹೋಗಿ ಬನ್ನಿ

ಪ್ರಶ್ನೆ: ನಾವು ಕಲಬುರಗಿಯವರು. ನಾನು, ನಮ್ಮ ಯಜಮಾನರು, ಒಂಬತ್ತನೇ ತರಗತಿಯ ಮಗಳು ಮತ್ತು ಎಪ್ಪತ್ತೆರಡು ವರ್ಷದ ಅತ್ತೆ ಡಿಸೆಂಬರ್ ಕೊನೆಯ ವಾರ ಅಮೃತಸರ, ಆನಂದಪುರ ಸಾಹೇಬ್ ನೋಡಿಕೊಂಡು ಹಾಗೆಯೇ ವೈಷ್ಣೋದೇವಿಗೂ ಹೋಗಿ ಬರಬೇಕೆಂದಿದ್ದೇವೆ. ಅತ್ತೆಗೆ ಮಂಡಿನೋವಿದೆ, ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ: ಅದು ಗಡಿ, ಯಾವಾಗ ಏನಾಗುತ್ತದೋ, ಬೇರೆಯವರನ್ನು ಗುಡಿಯೊಳಗೆ ಬಿಡುವುದಿಲ್ಲ, ಕತ್ತಿ ಹಿಡಿದವರೇ ತುಂಬಿರುತ್ತಾರೆ, ಊರ ತುಂಬ ಮಾದಕ ವಸ್ತು. ಅತ್ತೆಯ ಚಿಂತೆ ಬೇರೆ. "ಅನುಕೂಲಸ್ಥರಾದ ನಾವು ಹೋಗಿ ಪುಕ್ಕಟೆ ಊಟಕ್ಕೆ ಕೂಡುವುದು ಸರಿಯೇ? ಯಾರ ಪಕ್ಕದಲ್ಲಿ ಹೇಗೆ ಕೂಡಬೇಕೋ, ಏನಾದರೂ ತಪ್ಪಾದರೆ?" ಎನ್ನುತ್ತಾರೆ. ಕೇಳಲು ಸಂಕೋಚ, ಆದರೂ ಕೇಳುತ್ತೇನೆ: ಆ ವಾರ ನನ್ನ ತಿಂಗಳ ದಿನಗಳೂ ಬರಬಹುದು. ಒಳಗೆ ಹೋಗಬಹುದೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ಭಯಗಳಿವೆ. ಅಕ್ಕಪಕ್ಕದವರು ಹುಟ್ಟಿಸಿದವು ಒಂದು ಬಗೆ, ಅತ್ತೆಯವರ ಮನಸ್ಸಿನಲ್ಲಿರುವವು ಇನ್ನೊಂದು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಕಡೆಯ ಹಿರಿಯರನ್ನು ಉತ್ತರದ ಯಾತ್ರೆಗೆ ಕರೆದುಕೊಂಡು ಹೋಗುತ್ತಿರುವವನು ನಾನು. ಮೊದಲನೆಯ ಬಗೆಯ ಭಯ ಬಹುಪಾಲು ಅಮೃತಸರ ನಿಲ್ದಾಣದಲ್ಲಿ ಇಳಿದ ಮೊದಲ ದಿನವೇ ಕರಗುವುದನ್ನು ಕಂಡಿದ್ದೇನೆ. ಅತ್ತೆಯವರದು ಹಾಗಲ್ಲ. ಅದು ಮರ್ಯಾದೆಯ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರ ಸಿಗಬೇಕು. ನನಗೆ ನಿಜವಾಗಿ ಕಳವಳ ಹುಟ್ಟಿಸಿದ್ದು ನೀವು ಕೇಳದೇ ಬಿಟ್ಟ ಸಂಗತಿಗಳು: ಡಿಸೆಂಬರಿನ ಮಂಜು, ತಣ್ಣಗೆ ಕೊರೆಯುವ ಅಮೃತಶಿಲೆ, ಹದಿನೈದು ವರ್ಷದ ಸಕ್ಕರೆ ಕಾಯಿಲೆಯ ಪಾದಗಳು, ಮತ್ತು ಒಂದೇ ಪ್ರವಾಸದಲ್ಲಿ ಮೂರು ಜಾಗ.

ಒಳಗೆ ಯಾರನ್ನು ಬಿಡುತ್ತಾರೆ ಎಂಬುದನ್ನು ಮೊದಲು ನೋಡೋಣ. ಹರ್‌ಮಂದಿರ್ ಸಾಹೇಬಿಗೆ, ಅಂದರೆ ನಾವು ಸ್ವರ್ಣಮಂದಿರ ಎನ್ನುವ ಗುರುದ್ವಾರಕ್ಕೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ದಿಕ್ಕಿನವರೂ, ಯಾವ ಜಾತಿಯವರೂ ಬರಬಹುದೆಂದೇ ಹಾಗೆ ಕಟ್ಟಿದ್ದು. ಧರ್ಮ ಯಾವುದು ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಹಣೆಯ ಕುಂಕುಮ, ಕೊರಳ ತಾಳಿ, ಕತ್ತರಿಸಿದ ಕೂದಲು, ಬೋಳಿಸಿದ ಗಡ್ಡ, ಯಾವುದಕ್ಕೂ ಅಡ್ಡಿಯಿಲ್ಲ. ನಿಮ್ಮ ತಿಂಗಳ ದಿನಗಳಿಗೂ ಅಡ್ಡಿಯಿಲ್ಲ. ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಮ್ಮ ಗುಂಪುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೇಳಲಾರದೆ ಹೊರಗೆ ಚಪ್ಪಲಿ ಕಾಯುತ್ತಾ ಕುಳಿತು, ಸಾವಿರಾರು ಮೈಲಿ ಬಂದೂ ದರ್ಶನವಿಲ್ಲದೆ ಮರಳಿದ್ದಾರೆ. ಹೆರಿಗೆಯ ಸೂತಕವನ್ನೂ ಮುಟ್ಟಿನ ಮೈಲಿಗೆಯನ್ನೂ ಗುರು ನಾನಕರೇ ಒಪ್ಪಲಿಲ್ಲ. ದರ್ಬಾರಿನಲ್ಲಿ, ಅಂದರೆ ಒಳಗಿನ ಪ್ರಾರ್ಥನಾ ಸಭೆಯಲ್ಲಿ, ಕೂಡಬಹುದು; ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದಲ್ಲಿ, ಉಣ್ಣಬಹುದು, ಬಡಿಸಲೂಬಹುದು. ನಿಮ್ಮ ಮನಸ್ಸಿಗೆ ಒಗ್ಗದಿದ್ದರೆ ಅದು ನಿಮಗೆ ಬಿಟ್ಟದ್ದು, ಅಲ್ಲಿನವರ ಕಡೆಯಿಂದ ತಡೆಯಿಲ್ಲ.

ಇನ್ನೊಂದು ಮಾತು. ಪಂಜಾಬ್ ಎಂದರೆ ಎಲ್ಲರೂ ಸಿಖ್ಖರು ಎಂದುಕೊಳ್ಳಬೇಡಿ. 2011ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ನೂರಕ್ಕೆ ಸುಮಾರು 58 ಮಂದಿ ಸಿಖ್ಖರು, 38 ಮಂದಿ ಹಿಂದೂಗಳು. ಲುಧಿಯಾನ, ಜಲಂಧರ ನಗರಗಳಲ್ಲಿ ಹಿಂದೂಗಳೇ ಹೆಚ್ಚು. ಅಮೃತಸರದಲ್ಲೇ ದುರ್ಗಿಯಾನಾ ಮಂದಿರವಿದೆ. ಅತ್ತೆಯವರಿಗೆ ಯಾವ ಊರಿನಲ್ಲೂ ತಾನೊಬ್ಬಳೇ ಹೊರಗಿನವಳು ಎನ್ನಿಸುವುದಿಲ್ಲ.

ಕತ್ತಿಯ ಭಯ ನೋಡಿದವರಿಗೆಲ್ಲ ಬರುವಂಥದ್ದೇ. ಅಮೃತ ಸ್ವೀಕರಿಸಿದ, ಅಂದರೆ ದೀಕ್ಷೆ ಪಡೆದ, ಸಿಖ್ಖರು ಸೊಂಟದಲ್ಲಿ ಕಟ್ಟುವುದು ಕೃಪಾಣ. ಅವರ ಐದು ಧರ್ಮಚಿಹ್ನೆಗಳಲ್ಲಿ ಒಂದು. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಅದನ್ನು ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಬರೆದಿದೆ. ನೀಲಿ ಉಡುಗೆ, ಎತ್ತರದ ಪೇಟ, ಕೈಯಲ್ಲಿ ಉದ್ದನೆಯ ಭರ್ಜಿ ಹಿಡಿದವರು ಕಂಡರೆ ಅವರು ನಿಹಂಗರು, ಸಿಖ್ಖರ ಯೋಧ ಪಂಥದವರು. ಮಗಳಿಗೆ ಫೋಟೊ ಬೇಕೆನ್ನಿಸಿದರೆ ಕೇಳಿ ತೆಗೆಯಲಿ. ಪೇಟವನ್ನಾಗಲಿ ಕೃಪಾಣವನ್ನಾಗಲಿ ಕುತೂಹಲಕ್ಕೂ ಮುಟ್ಟಬಾರದು. ಹಾಗೆಯೇ, ನಮ್ಮ ಕಡೆ ಇನ್ನೂ ಓಡಾಡುವ ಆ ಸರ್ದಾರ್ಜಿ ಜೋಕುಗಳನ್ನು ರೈಲು ಹತ್ತುವ ಮೊದಲೇ ಮರೆತುಬಿಡಿ. ಕನ್ನಡದಲ್ಲಿ ಹೇಳಿದರೆ ಯಾರಿಗೆ ತಿಳಿಯುತ್ತದೆ ಎಂದುಕೊಳ್ಳುತ್ತಾರೆ. ನಗುವ ಮುಖ ಯಾವ ಭಾಷೆಯಲ್ಲೂ ತಿಳಿಯುತ್ತದೆ. "ಸತ್ ಶ್ರೀ ಅಕಾಲ್" ಎಂದು ಕೈ ಮುಗಿಯಿರಿ. ಗಂಡಸರನ್ನು "ವೀರ್ ಜೀ", ಹೆಂಗಸರನ್ನು "ಭೈಣ್ ಜೀ", ವಯಸ್ಸಾದ ಗಂಡಸರನ್ನು "ಬಾಬಾ ಜೀ" ಎನ್ನಿ. ದಾರಿ ಕೇಳಿದವರನ್ನು ಜಾಗದ ಬಾಗಿಲವರೆಗೂ ತಲುಪಿಸಿ ಹೋಗುವ ಜನರನ್ನು ನಾನು ಅಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಗಡಿಯ ವಿಷಯದಲ್ಲಿ ಮಾತ್ರ ಏನೂ ಆಗುವುದಿಲ್ಲ ಎಂದು ಕಣ್ಣು ಮುಚ್ಚಿ ಹೇಳಲಾರೆ. ತೊಂಬತ್ತರ ದಶಕದ ಮಧ್ಯಭಾಗಕ್ಕೆ ಪಂಜಾಬಿನ ಉಗ್ರವಾದದ ಕಾಲ ಮುಗಿಯಿತು; ನಿಮ್ಮ ನೆರೆಯವರ ನೆನಪು ಬಹುಶಃ ಆ ಕಾಲದ್ದು. ಆದರೆ 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷ ನಡೆದಾಗ ಅಮೃತಸರದ ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತ್ತು, ರಾತ್ರಿ ಊರಿನ ದೀಪ ಆರಿಸಿದ್ದರು. ಆಗ ಹೊರಡಬೇಕಿದ್ದ ನನ್ನ ಒಂದು ಗುಂಪನ್ನು ನಾನೇ ನಿಲ್ಲಿಸಿದೆ. ಹಣ ಸ್ವಲ್ಪ ಹೋಯಿತು, ಅದಕ್ಕಾಗಿ ಇಂದಿಗೂ ವ್ಯಥೆಯಿಲ್ಲ. ಆದ್ದರಿಂದ ರದ್ದು ಮಾಡಿದರೆ ಹಣ ಮರಳುವ ಕೋಣೆಯನ್ನೇ ಕಾಯ್ದಿರಿಸಿ, ಹೊರಡುವ ವಾರ ಸುದ್ದಿ ನೋಡಿ. ಶಾಂತವಾಗಿದ್ದರೆ ಹೊರಡಿ. ಗುರು ನಾನಕರು ಕೊನೆಯ ದಿನಗಳನ್ನು ಕಳೆದ, ಗಡಿಯಾಚೆಯ ಕರ್ತಾರ್‌ಪುರಕ್ಕೆ 2019ರಲ್ಲಿ ತೆರೆದಿದ್ದ ದಾರಿಯನ್ನು ನಮ್ಮ ಸರ್ಕಾರ ಅದೇ ಮೇ ತಿಂಗಳಲ್ಲಿ ಮುಚ್ಚಿತು. ಯಾರಾದರೂ "ಅದನ್ನೂ ಸೇರಿಸಿ ಕೊಡುತ್ತೇವೆ" ಎಂದು ಮುಂಗಡ ಕೇಳಿದರೆ, ದಾರಿ ತೆರೆದಿದೆಯೇ ಎಂದು ಸರ್ಕಾರದ ಪ್ರಕಟಣೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಜೂನ್ ಮೊದಲ ವಾರವನ್ನೂ ನಾನು ಹಿರಿಯರಿಗೆ ಸೂಚಿಸುವುದಿಲ್ಲ. 1984ರ ಸೇನಾ ಕಾರ್ಯಾಚರಣೆಯ ನೆನಪಿನ ದಿನಗಳವು. ಬಿಗಿ ಕಾವಲು ಇರುತ್ತದೆ, ಘೋಷಣೆಗಳು ಕೇಳುತ್ತವೆ, ಬಿಸಿಲೂ ವಿಪರೀತ.

ಮಾದಕ ವಸ್ತುವಿನ ಪಿಡುಗು ನಿಜ. ಅದು ಅಲ್ಲಿನ ಸಾವಿರಾರು ಮನೆಗಳ ಸಂಕಟ, ಯಾತ್ರಿಕರ ದಾರಿಗೆ ಅಡ್ಡ ಬರುವಂಥದ್ದಲ್ಲ. ನಿಮ್ಮ ಜೇಬಿಗೆ ಅಪಾಯವಿರುವುದು ಬೇರೆಯವರಿಂದ. ಆ ಮಾತು ಮುಂದೆ ಹೇಳುತ್ತೇನೆ.

ಈಗ ಅತ್ತೆಯವರ ಪ್ರಶ್ನೆ. ಪುಕ್ಕಟೆ ಊಟಕ್ಕೆ ಕೂಡುವುದು ಸರಿಯೇ? ಕಲಬುರಗಿಯವರಿಗೆ ಶರಣಬಸವೇಶ್ವರರ ದಾಸೋಹ ಗೊತ್ತಿದೆ. ಅಲ್ಲಿ ಉಂಡವರನ್ನು ಬಡವರೆಂದು ಯಾರಾದರೂ ಕರೆಯುತ್ತಾರೆಯೇ? ಲಂಗರ್ ಎಂಬುದು ಹಸಿದವರಿಗೆ ಮಾತ್ರ ಹಾಕುವ ಅನ್ನಸತ್ರ ಎಂಬ ತಿಳಿವಳಿಕೆಯೇ ತಪ್ಪು. ಉಳ್ಳವರೂ ಇಲ್ಲದವರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳಿತು ಒಂದೇ ಅನ್ನ ಉಣ್ಣಬೇಕು ಎಂಬುದೇ ಅದರ ಹುರುಳು. ಆ ಸಾಲಿಗೆ ಪಂಗತ್ ಎನ್ನುತ್ತಾರೆ, ನಮ್ಮ ಪಂಕ್ತಿಯೇ. ಹಣವಿದೆಯೆಂದು ನೀವು ಕೂಡದೇ ಹೋದರೆ ಆ ಸಾಲು ಅಷ್ಟರ ಮಟ್ಟಿಗೆ ಮುಕ್ಕಾಗುತ್ತದೆ. ಋಣ ಎನ್ನಿಸಿದರೆ ಗೋಲಕದಲ್ಲಿ, ಅಂದರೆ ಹುಂಡಿಯಲ್ಲಿ, ಕೈಲಾದಷ್ಟು ಹಾಕಿ. ಯಾರ ಕೈಗೂ ಕೊಡಬೇಡಿ. ಸೇವಾದಾರರು ತೆಗೆದುಕೊಳ್ಳುವುದೂ ಇಲ್ಲ.

ಅಲ್ಲಿ ನಡೆಯುವುದು ಹೀಗೆ. ಒಳಗೆ ಹೋಗುವಾಗಲೇ ಒಬ್ಬರು ಸ್ಟೀಲ್ ತಟ್ಟೆ, ಇನ್ನೊಬ್ಬರು ಬಟ್ಟಲು, ಮತ್ತೊಬ್ಬರು ಚಮಚ ಕೈಗಿಡುತ್ತಾರೆ. ಉದ್ದನೆಯ ಚಾಪೆಯ ಮೇಲೆ, ಮುಂದಿನವರು ಕುಳಿತ ಸಾಲಿನಲ್ಲೇ ಕೂಡಬೇಕು, ಜಾಗ ಆರಿಸಿಕೊಳ್ಳುವಂತಿಲ್ಲ. ದಾಲ್ ತುಂಬಿದ ಬಕೆಟ್ ಹಿಡಿದವರು "ದಾಲಾ ವಾಹೆಗುರು" ಎನ್ನುತ್ತಾ ಓಡುನಡಿಗೆಯಲ್ಲಿ ಬಡಿಸಿಕೊಂಡು ಹೋಗುತ್ತಾರೆ. ರೊಟ್ಟಿಗೆ ಅಲ್ಲಿ ಪರ್ಷಾದಾ ಎನ್ನುತ್ತಾರೆ. ಅದನ್ನು ತಟ್ಟೆಗೆ ಹಾಕುವುದಿಲ್ಲ. ನೀವು ಎರಡೂ ಅಂಗೈ ಜೋಡಿಸಿ ಒಡ್ಡಬೇಕು, ಕೈಯ ಮೇಲೆ ಇಡುತ್ತಾರೆ. ನಮ್ಮವರು ಒಂದೇ ಕೈ ಚಾಚುತ್ತಾರೆ, ಬಡಿಸುವವರು ಸುಮ್ಮನೆ ನಿಂತು ಕಾಯುತ್ತಾರೆ. ಪಕ್ಕದವರು ನೋಡಿ ತೋರಿಸಿಕೊಟ್ಟ ಮೇಲೆ ಇನ್ನೊಂದು ಕೈ ಮೇಲೇಳುತ್ತದೆ. ಎಷ್ಟು ಸಲವಾದರೂ ಹಾಕಿಸಿಕೊಳ್ಳಬಹುದು, ಆದರೆ ತಟ್ಟೆಯಲ್ಲಿ ಬಿಡಬಾರದು. ಎದ್ದು ಹೊರಬಂದರೆ ತಟ್ಟೆ ತೊಳೆಯುವ ಸದ್ದು, ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ದಿನಕ್ಕೆ ಐವತ್ತು ಸಾವಿರದಿಂದ ಒಂದು ಲಕ್ಷ ಜನ ಉಣ್ಣುವ ಜಾಗವದು. ಹಗಲೂ ರಾತ್ರಿಯೂ ನಿಲ್ಲುವುದಿಲ್ಲ.

ಬೆಳ್ಳುಳ್ಳಿಯ ಮಾತು. ಲಂಗರಿನಲ್ಲಿ ಮಾಂಸ, ಮೀನು, ಮೊಟ್ಟೆ ಎಂದೂ ಇರುವುದಿಲ್ಲ. ಆದರೆ ದಾಲ್, ಪಲ್ಯಗಳಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕುತ್ತಾರೆ. ಊಟದ ಮನೆಯ ಹೊರಗೆ ಬೆಳ್ಳುಳ್ಳಿ ರಾಶಿಯ ಸುತ್ತ ಕುಳಿತು ಸಿಪ್ಪೆ ಬಿಡಿಸುವ ಹೆಂಗಸರನ್ನು ನೋಡುತ್ತೀರಿ. ಯಾರು ಬೇಕಾದರೂ ಹೋಗಿ ಕೂಡಬಹುದು. ಅತ್ತೆಯವರು ರೊಟ್ಟಿ ಹಾಕಿಸಿಕೊಂಡು, ಉಳಿದದ್ದಕ್ಕೆ ಕೈ ಅಡ್ಡ ಹಿಡಿದು ನಮಸ್ಕರಿಸಿದರೆ ಸಾಕು, ಯಾರೂ ಒತ್ತಾಯಿಸುವುದಿಲ್ಲ. ಸಿಹಿಗೆ ಹೆಚ್ಚಾಗಿ ಖೀರು ಇರುತ್ತದೆ, ಅವರ ಸಕ್ಕರೆಗೆ ಅದು ಬೇಡ. ಕಡಾಹ ಪ್ರಸಾದ, ಅಂದರೆ ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಬಿಸಿ ಹಲ್ವ, ಬೇಡವೆನ್ನುವುದು ಮಾತ್ರ ಅಗೌರವವಾಗುತ್ತದೆ. "ಥೋಡಾ" ಎಂದರೆ ಚಿಟಿಕೆಯಷ್ಟು ಕೊಡುತ್ತಾರೆ. ಉಳಿದರೆ ಮಗಳಿಗೆ ದಾಟಿಸಬಹುದು, ಎಸೆಯಬಾರದು. ಹೊರಗಿನ ಊಟಕ್ಕೆ "ವೈಷ್ಣೋ ಢಾಬಾ" ಎಂಬ ಫಲಕ ನೋಡಿ, ಅದು ಶುದ್ಧ ಸಸ್ಯಾಹಾರದ ಗುರುತು. ಅಲ್ಲೂ "ಬಿನಾ ಪ್ಯಾಜ್ ಲಹಸುನ್" ಎಂದು ಬಿಡಿಸಿ ಹೇಳಲೇಬೇಕು. ಬೆಣ್ಣೆ ಸವರದ ಸಾದಾ ತವಾ ರೊಟ್ಟಿ, ಮೊಸರು, ಬೇಯಿಸಿದ ಪಲ್ಯ ಕೇಳಿ. ಅಮೃತಸರದ ಕುಲ್ಚಾ ನೀವು ಮೂವರೂ ತಿನ್ನಲೇಬೇಕಾದದ್ದು, ಅತ್ತೆಯವರ ಹೊಟ್ಟೆಗೆ ಭಾರ. ನಾನು ಪ್ರತಿ ಗುಂಪಿನ ಜೊತೆ ಅವಲಕ್ಕಿ, ಚಟ್ನಿಪುಡಿ ಒಯ್ಯುತ್ತೇನೆ, ನೀವೂ ಒಯ್ಯಿರಿ.

ತಪ್ಪಾದರೆ ಏನು ಗತಿ ಎಂದರು ಅತ್ತೆ. ತಲೆಯ ಸೆರಗು ಜಾರಿದರೆ ಪಕ್ಕದವರು ಸನ್ನೆ ಮಾಡುತ್ತಾರೆ, ಸರಿಪಡಿಸಿಕೊಂಡರೆ ಮುಗಿಯಿತು. ಗಂಡಸರೂ ತಲೆ ಮುಚ್ಚಲೇಬೇಕು. ಕ್ರಿಕೆಟ್ ಟೋಪಿ ನಡೆಯುವುದಿಲ್ಲ, ಬಟ್ಟೆ ಬೇಕು. ಬಾಗಿಲಲ್ಲಿ ಉಚಿತವಾಗಿ ವಸ್ತ್ರ ಸಿಗುತ್ತದೆ, ಆದರೆ ಮನೆಯಿಂದಲೇ ದೊಡ್ಡ ಹತ್ತಿಯ ಕರವಸ್ತ್ರ ತಂದರೆ ಲೇಸು. ಬೀಡಿ, ಸಿಗರೇಟು, ಗುಟ್ಕಾ, ಜರ್ದಾ ಪೊಟ್ಟಣ ಜೇಬಿನಲ್ಲೂ ಇರಬಾರದು. ನಿಮ್ಮ ಯಜಮಾನರಿಗೆ ಎಲೆ ಅಡಿಕೆಯ ಜೊತೆ ತಂಬಾಕಿನ ಅಭ್ಯಾಸವಿದ್ದರೆ ಕೋಣೆಯಲ್ಲೇ ಬಿಟ್ಟು ಬರಲಿ. ಸರೋವರದ ಅಂಚಿನಲ್ಲಿ ಕುಳಿತು ನೀರಿಗೆ ಕಾಲು ಇಳಿಬಿಡುವುದು, ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹೇಬಿನ ಕಡೆಗೆ ಕಾಲು ಚಾಚುವುದು ಬೇಡ. ಮಂಡಿನೋವಿನವರು ಕಂಬದ ಪಕ್ಕ ಅಥವಾ ಗೋಡೆಯ ಬದಿ ಕುಳಿತು ಕಾಲನ್ನು ಪಕ್ಕಕ್ಕೆ ಮಡಚಬಹುದು. ಗರ್ಭಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಪ್ರದಕ್ಷಿಣೆಯ ದಾರಿಯಲ್ಲಿ ಮಗಳು ಒಂದೆರಡು ಚಿತ್ರ ತೆಗೆದರೆ ತೊಂದರೆಯಿಲ್ಲ, ಕುಣಿಯುವ ರೀಲ್ಸ್ ಮಾತ್ರ ಖಂಡಿತ ಬೇಡ. 2024ರಲ್ಲಿ ಒಬ್ಬ ಯುವತಿ ಅಲ್ಲಿ ಯೋಗಾಸನದ ಚಿತ್ರ ತೆಗೆಸಿಕೊಂಡು, ಅದು ಪೊಲೀಸ್ ಪ್ರಕರಣದವರೆಗೂ ಹೋಯಿತು. ಸಿಖ್ಖರಿಗೆ ಗುರು ಗ್ರಂಥ ಸಾಹೇಬ್ ಜೀವಂತ ಗುರು. ಅದಕ್ಕೆ ಆಗುವ ಅಪಚಾರ ಪಂಜಾಬಿನಲ್ಲಿ ಇನ್ನೂ ಮಾಯದ ಗಾಯ. ಗೊತ್ತಿಲ್ಲದೆ ಆದ ತಪ್ಪನ್ನು ಅವರು ತಿದ್ದುತ್ತಾರೆ, ಉಡಾಫೆಯನ್ನು ಸಹಿಸುವುದಿಲ್ಲ.

ಇಲ್ಲಿ ಪಾದಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಇದೇ ಮುಖ್ಯ. ಹರ್‌ಮಂದಿರ್ ಸಾಹೇಬಿನಲ್ಲಿ ಚಪ್ಪಲಿಯಷ್ಟೇ ಅಲ್ಲ, ಕಾಲುಚೀಲವನ್ನೂ ಬಿಚ್ಚಬೇಕು. ಜೋಡಾಘರದಲ್ಲಿ ಪಾದರಕ್ಷೆ ಕೊಟ್ಟರೆ ಸಂಖ್ಯೆಯ ಬಿಲ್ಲೆ ಕೊಡುತ್ತಾರೆ. ನಮ್ಮ ಗುಂಪಿನ ಹಿರಿಯರೊಬ್ಬರು ಕೆಸರಾದ ತಮ್ಮ ಚಪ್ಪಲಿ ಕೊಡಲು ಹಿಂಜರಿದಾಗ, ಬೆಳ್ಳಗಿನ ಗಡ್ಡದ ಸೇವಾದಾರರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಮ್ಮ ಅಂಗಿಯ ತೋಳಿನಿಂದಲೇ ಕೆಸರು ಒರೆಸಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಂದ ಮುಂದೆ ಬಾಗಿಲಲ್ಲಿ ಹರಿಯುವ ನೀರಿನ ಸಣ್ಣ ಹೊಂಡದಲ್ಲಿ ಕಾಲಿಟ್ಟು ದಾಟಬೇಕು. ಆಮೇಲೆ ಅಮೃತಶಿಲೆಯ ನೆಲ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಒದ್ದೆ ಪಾದಕ್ಕೆ ಅದು ಮಂಜುಗಡ್ಡೆಯ ಹಾಗಿರುತ್ತದೆ. ಮೇ, ಜೂನಿನ ಮಧ್ಯಾಹ್ನ ಕಾದ ಹೆಂಚು. ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಸ್ಪರ್ಶ ಕುಂದಿರುತ್ತದೆ. ಸುಟ್ಟರೂ, ಕಲ್ಲು ಒತ್ತಿದರೂ ಗೊತ್ತಾಗದೆ, ಸಂಜೆ ಕೋಣೆಗೆ ಬಂದು ನೋಡಿದಾಗ ಬೊಬ್ಬೆ ಎದ್ದಿರುತ್ತದೆ. ಅದನ್ನು ಅಲಕ್ಷಿಸಿದರೆ ಹುಣ್ಣಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ಅತ್ತೆಯವರ ಪಾದವನ್ನು ವೈದ್ಯರಿಗೆ ತೋರಿಸಿ. ಹೊಂಡ ದಾಟಿದ ಕೂಡಲೇ ಟವೆಲ್ಲಿನಿಂದ ಬೆರಳ ಸಂದು ಒರೆಸಿ. ಹಾಸಿದ ಚಾಪೆಯ ಮೇಲೆಯೇ ನಡೆಸಿ, ಪ್ರತಿ ರಾತ್ರಿ ಎರಡೂ ಪಾದ ನೋಡಿ. ಬಾಗಿಲ ಬಳಿ ಗಾಲಿಕುರ್ಚಿ ಕೇಳಬಹುದು, ಸಂಕೋಚ ಬೇಡ.

ಒಳಗಿನ ದರ್ಶನಕ್ಕೆ ಸರೋವರದ ನಡುವಿನ ಸೇತುವೆಯ ಮೇಲೆ ಸಾಲು ನಿಲ್ಲಬೇಕು. ಶನಿವಾರ, ಭಾನುವಾರ ಒಂದೆರಡು ಗಂಟೆ ಸುಲಭವಾಗಿ ಹೋಗುತ್ತದೆ, ನಡುವೆ ಕೂಡಲು ಜಾಗವಿಲ್ಲ. ವಾರದ ದಿನ, ನಸುಕಿನಲ್ಲಿ ಅಥವಾ ರಾತ್ರಿ ಊಟದ ನಂತರ ಹೋದರೆ ಜನ ಕಡಿಮೆ. ಅದೂ ಆಗದಿದ್ದರೆ, ಪ್ರದಕ್ಷಿಣೆಯ ಮೊಗಸಾಲೆಯಲ್ಲಿ ಕುಳಿತು ಕೀರ್ತನೆ ಕೇಳುತ್ತಾ ನೀರಿನಲ್ಲಿ ಅಲುಗುವ ಆ ಬಂಗಾರದ ನೆರಳು ನೋಡಲಿ. ಬಂಗಾರದ ತಗಡು ಹೊದಿಸಿದ್ದು ಮಹಾರಾಜ ರಣಜಿತ್ ಸಿಂಗ್ ಕಾಲದಲ್ಲಿ. ಗುರು ಗ್ರಂಥ ಸಾಹೇಬಿನ ಮೊದಲ ರೂಪವಾದ ಆದಿಗ್ರಂಥವನ್ನು ಅಲ್ಲಿ ಸ್ಥಾಪಿಸಿದ್ದು 1604ರಲ್ಲಿ. ಒಳಗೆ ಹಾಡಿದ ಕೀರ್ತನೆ ಧ್ವನಿವರ್ಧಕದಲ್ಲಿ ಇಡೀ ಆವರಣಕ್ಕೆ ಕೇಳುತ್ತದೆ. ಹಾಗೆ ಕುಳಿತು ಬಂದವರು ದರ್ಶನವಾಗಲಿಲ್ಲ ಎಂದು ನನ್ನ ಬಳಿ ಕೊರಗಿದ್ದಿಲ್ಲ.

ಇನ್ನು ಯಾವಾಗ ಹೋಗಬೇಕು? ಡಿಸೆಂಬರ್ ಕೊನೆಯ ವಾರ ಬೇಡ ಎನ್ನುತ್ತೇನೆ. ಡಿಸೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗೆ ಪಂಜಾಬಿನ ಬಯಲಿನಲ್ಲಿ ದಟ್ಟ ಮಂಜು ಕೂಡುತ್ತದೆ. ಕೆಲವು ಬೆಳಗು ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ರೈಲುಗಳು ಗಂಟೆಗಟ್ಟಲೆ ತಡ, ಕೆಲವು ರದ್ದು, ವಿಮಾನಗಳು ಬೇರೆ ಊರಿಗೆ ತಿರುಗುತ್ತವೆ. ಮಂಜಿನಲ್ಲಿ ಹೆದ್ದಾರಿಯ ರಾತ್ರಿ ಪಯಣವಂತೂ ಪ್ರಾಣಕ್ಕೇ ಸಂಚಕಾರ. ಇನ್ನೊಂದು ಕಾರಣವೂ ಇದೆ. ಆ ವಾರ ಸಿಖ್ಖರಿಗೆ ಶೋಕದ ವಾರ. ಅವರ ಹತ್ತನೇ ಗುರು ಗೋವಿಂದ ಸಿಂಗರ ಕಿರಿಯ ಮಕ್ಕಳಿಬ್ಬರು, ಒಂಬತ್ತು ಮತ್ತು ಏಳು ವರ್ಷದವರು, ಸರ್‌ಹಿಂದ್‌ನಲ್ಲಿ ಹುತಾತ್ಮರಾದ ದಿನಗಳು. ಅಲ್ಲಿನ ಫತೇಗಢ್ ಸಾಹೇಬ್ ಗುರುದ್ವಾರದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ದೆಹಲಿ–ಅಮೃತಸರ ಹೆದ್ದಾರಿ ಅದರ ಪಕ್ಕದಲ್ಲೇ ಹಾದುಹೋಗುವುದು. ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲಿ ಮದುವೆ ಮಾಡುವುದಿಲ್ಲ, ನೆಲದ ಮೇಲೆ ಮಲಗುತ್ತಾರೆ. ಆ ದುಃಖವನ್ನು ಕಣ್ಣಾರೆ ಕಾಣಬೇಕೆಂದು ಹೋಗುವವರಿಗೆ ಅದೇ ಸರಿಯಾದ ಸಮಯ. ರಜೆಯ ಸಂಭ್ರಮಕ್ಕೆಂದು, ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಅಲ್ಲ.

ಬೇಸಿಗೆ ರಜೆಯಲ್ಲಿ ಏಪ್ರಿಲ್ ಮೊದಲ ಎರಡು ವಾರ ಪರವಾಗಿಲ್ಲ, ಬೈಸಾಖಿ ಹಬ್ಬದ ಜನಜಂಗುಳಿ ತಡೆದುಕೊಳ್ಳುವಂತಿದ್ದರೆ. ಮೇ ಹೊತ್ತಿಗೆ ಬಿಸಿಲು ವಿಪರೀತ, ಜೊತೆಗೆ ಬಿಸಿಗಾಳಿ. ನನ್ನ ಆಯ್ಕೆ ದಸರಾ ರಜೆ. ಅಕ್ಟೋಬರ್ ಮೊದಲ ಪಕ್ಷದಲ್ಲಿ ಹಗಲು ಹಿತ, ರಾತ್ರಿ ತಂಪು. ಅಕ್ಟೋಬರ್ ಕೊನೆಯಿಂದ ಭತ್ತದ ಕೂಳೆ ಸುಡುವ ಹೊಗೆ ಕವಿಯುತ್ತದೆ, ಅತ್ತೆಯವರಿಗೆ ಉಬ್ಬಸವಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಿಖ್ಖರ ನಾಲ್ಕನೇ ಗುರು ರಾಮದಾಸರ ಜನ್ಮದಿನ ಹೆಚ್ಚಾಗಿ ಅದೇ ತಿಂಗಳು ಬರುತ್ತದೆ. ದೀಪಾಲಂಕಾರ ಚೆಂದ, ಜನವೂ ಅಷ್ಟೇ. ಒಂದು ವೇಳೆ ಡಿಸೆಂಬರನ್ನೇ ಹಿಡಿದರೆ, ಮುಂದಿನ ರೈಲಿಗೂ ಹಿಂದಿನದಕ್ಕೂ ನಡುವೆ ಪೂರ್ತಿ ಒಂದು ದಿನ ಖಾಲಿ ಬಿಡಿ, ರಸ್ತೆ ಪ್ರಯಾಣ ಬೆಳಗ್ಗೆ ಹತ್ತರ ಮೇಲೆ ಶುರುಮಾಡಿ ಸಂಜೆಗೆ ಮುಗಿಸಿ.

ಮೂರೂ ಜಾಗ ಒಂದೇ ಸಲ ಬೇಡ. ವೈಷ್ಣೋದೇವಿ ಕಟ್ರಾದಿಂದ ಸುಮಾರು 13 ಕಿಲೋಮೀಟರ್ ಏರು ದಾರಿ. ಕುದುರೆ, ಪಲ್ಲಕ್ಕಿ, ಹೆಲಿಕಾಪ್ಟರ್ ಇದ್ದರೂ ಆ ಮಂಡಿಗೆ ಅದೇ ಒಂದು ಬೇರೆ ಯಾತ್ರೆ. ಹೋಗುವುದೇ ಆದರೆ ನೆನಪಿಡಿ: ನಮ್ಮ ಪ್ರೀಪೇಯ್ಡ್ ಸಿಮ್ ಪಂಜಾಬಿನಲ್ಲಿ ಕೆಲಸ ಮಾಡುತ್ತದೆ, ಜಮ್ಮು ಗಡಿ ದಾಟಿದರೆ ನಿಲ್ಲುತ್ತದೆ. ಮನೆಯ ಒಂದಾದರೂ ಫೋನು ಪೋಸ್ಟ್‌ಪೇಯ್ಡ್ ಇರಲಿ. ಆನಂದಪುರ ಸಾಹೇಬ್ ಬಿಡಬೇಡಿ. 1699ರ ಬೈಸಾಖಿಯಂದು ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ, ಹುಟ್ಟಿದ್ದು ಅಲ್ಲೇ. ಅಂದು ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ, ಪಂಜ್ ಪ್ಯಾರೆಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಇದನ್ನು ಅಲ್ಲಿನ ಯಾರಿಗಾದರೂ "ನಾವು ಬೀದರಿನ ಪಕ್ಕದವರು" ಎಂದು ಹೇಳಿ ನೋಡಿ, ಮುಖ ಅರಳುತ್ತದೆ. ಅಲ್ಲಿನ ಮುಖ್ಯ ಗುರುದ್ವಾರ ಕೇಶಗಢ್ ಸಾಹೇಬಿಗೆ ಮೆಟ್ಟಿಲುಗಳಿವೆ, ಅತ್ತೆಯವರನ್ನು ನಿಧಾನವಾಗಿ ಹತ್ತಿಸಿ. ಅಲ್ಲಿನ ವಿರಾಸತ್–ಎ–ಖಾಲ್ಸಾ ಸಂಗ್ರಹಾಲಯಕ್ಕೂ ಅಮೃತಸರದ ದೇಶವಿಭಜನೆಯ ಸಂಗ್ರಹಾಲಯಕ್ಕೂ ಸೋಮವಾರ ರಜೆ.

ಪ್ರಯಾಣಕ್ಕೆ ನಿಮಗೆ ಎರಡು ದಾರಿ. ಕಲಬುರಗಿಯ ಮೇಲೆಯೇ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ, ಅಲ್ಲಿ ಒಂದು ರಾತ್ರಿ ತಂಗಿ ಮರುದಿನ ಶತಾಬ್ದಿಯೋ ವಂದೇ ಭಾರತೋ; ಐದಾರು ಗಂಟೆಯ ಹಾದಿ. ಇಲ್ಲವೇ ನಾಂದೇಡಿಗೆ ಹೋಗಿ ಹಜೂರ್ ಸಾಹೇಬ್ ಗುರುದ್ವಾರದ ದರ್ಶನ ಮಾಡಿ ಸಚ್‌ಖಂಡ್ ಎಕ್ಸ್‌ಪ್ರೆಸ್; ಬದಲಾಯಿಸುವ ಗೋಜಿಲ್ಲ, ಸುಮಾರು ಒಂದೂವರೆ ದಿನ. ದಾರಿಯ ನಿಲ್ದಾಣಗಳಲ್ಲಿ ಸೇವಾದಾರರು ಬೋಗಿಗೆ ಬಂದು ಊಟ ಬಡಿಸುವುದಕ್ಕೆ ಆ ರೈಲು ಹೆಸರುವಾಸಿ, ತಟ್ಟೆ ನಿಮ್ಮದಿರಲಿ. ಮಂಡಿನೋವಿನವರಿಗೆ ಕೆಳಗಿನ ಬರ್ತ್ ಸಿಕ್ಕರೆ ಈ ಎರಡನೆಯದೇ ಉತ್ತಮ. ಪಂಜಾಬಿನಲ್ಲಿ ರೈತ ಸಂಘಟನೆಗಳು ಆಗಾಗ ಹಳಿಯ ಮೇಲೆ ಧರಣಿ ಕೂಡುತ್ತವೆ, ಮರಳುವ ದಿನಕ್ಕೆ ಸಡಿಲು ಇರಲಿ. ಬಸ್ಸಿನ ಫಲಕಗಳು ಬಹುತೇಕ ಗುರುಮುಖಿ ಲಿಪಿಯಲ್ಲಿ ಇರುತ್ತವೆ, ಕೇಳಿಯೇ ಹತ್ತಬೇಕು. ಅಲ್ಲೂ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿದೆ, ಆದರೆ ಅದು ಪಂಜಾಬಿನವರಿಗೆ. ನೀವು ಟಿಕೆಟ್ ತೆಗೆದುಕೊಳ್ಳಿ.

ಜೇಬಿನ ಅಪಾಯ ಎಂದೆನಲ್ಲ, ಅದು ಇಲ್ಲಿದೆ. ಗುರುದ್ವಾರದ ಸರಾಯಿಗಳ, ಅಂದರೆ ಯಾತ್ರಿಕರ ತಂಗುದಾಣಗಳ, ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಮುಂಗಡ ಹಣ ಹೊಡೆಯುವವರಿದ್ದಾರೆ. ನಮ್ಮ ಪರಿಚಯದ ಒಂದು ಕುಟುಂಬ ಹಣ ಕಳುಹಿಸಿ, ನಡುರಾತ್ರಿ ಸರಾಯಿಯ ಮುಂದೆ ನಿಂತಾಗ ಅವರ ಹೆಸರಿನಲ್ಲಿ ಕೋಣೆಯೇ ಇರಲಿಲ್ಲ. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯ ಸ್ವಂತ ತಾಣದಲ್ಲಿ ಮಾತ್ರ ಕಾಯ್ದಿರಿಸಿ; ಯಾರದೋ ಮೊಬೈಲ್ ಸಂಖ್ಯೆಗೆ ಹಣ ಹಾಕಬೇಡಿ. ಹೋಟೆಲಾದರೆ, ಗುಡಿಯ ಮುಂದಿನ ಹೆರಿಟೇಜ್ ಬೀದಿಗೆ ವಾಹನ ಬಿಡುವುದಿಲ್ಲ, ಬಾಗಿಲವರೆಗೆ ಆಟೊ ಬರುತ್ತದೆಯೇ ಎಂದು ಮೊದಲೇ ಕೇಳಿ. ಅಟ್ಟಾರಿಯಲ್ಲಿ ಸಂಜೆ ನಡೆಯುವ ಭಾರತ–ಪಾಕಿಸ್ತಾನ ಗಡಿ ಕವಾಯತಿಗೆ ಪ್ರವೇಶ ಉಚಿತ; "ವಿಐಪಿ ಪಾಸ್" ಮಾರುವವರನ್ನು ನಂಬಬೇಡಿ. ಊರಿನಿಂದ ಸುಮಾರು 30 ಕಿಲೋಮೀಟರ್. ಆಧಾರ್ ಕೈಯಲ್ಲಿರಲಿ, ಚೀಲ ಒಳಗೆ ಬಿಡುವುದಿಲ್ಲ. 2025ರ ಮೇ ನಂತರ ಕವಾಯತನ್ನು ಮೊಟಕು ಮಾಡಿ, ಗೇಟು ತೆರೆಯುವುದನ್ನೂ ಕೈ ಕುಲುಕುವುದನ್ನೂ ನಿಲ್ಲಿಸಿದರು. ನಡಿಗೆ, ಮೆಟ್ಟಿಲು, ನೂಕುನುಗ್ಗಲು ಇರುವುದರಿಂದ ಅತ್ತೆಯವರು ಆ ಸಂಜೆ ಗುರುದ್ವಾರದಲ್ಲೇ ಉಳಿಯಲಿ, ಜೊತೆಗೆ ನಿಮ್ಮಲ್ಲೊಬ್ಬರು. ಮಗಳನ್ನು ಜಲಿಯನ್‌ವಾಲಾ ಬಾಗ್‌ಗೆ ಮಾತ್ರ ಮರೆಯದೆ ಕರೆದೊಯ್ಯಿರಿ, ಗುಡಿಯಿಂದ ಐದು ನಿಮಿಷದ ನಡಿಗೆ. 1919ರ ಏಪ್ರಿಲ್ 13ರ ಗುಂಡಿನ ಗುರುತುಗಳು ಇಟ್ಟಿಗೆ ಗೋಡೆಯಲ್ಲಿ ಇನ್ನೂ ಇವೆ.

ನೀವು ಕೇಳಿಲ್ಲವಾದರೂ ಫುಲ್‌ಕಾರಿ ಎಂಬ ಪಂಜಾಬಿ ಕಸೂತಿಯ ಬಟ್ಟೆ ಕೊಳ್ಳದೆ ಬರುವ ಹೆಣ್ಣುಮಕ್ಕಳಿಲ್ಲ. ದುಪಟ್ಟಾವನ್ನು ತಿರುಗಿಸಿ ಹಿಂಬದಿ ನೋಡಿ. ಹಳೆಯ ಪದ್ಧತಿಯ ಫುಲ್‌ಕಾರಿಯನ್ನು ಬಟ್ಟೆಯ ಹಿಂಬದಿಯಿಂದಲೇ ಎಳೆ ಎಣಿಸಿ ಹೊಲಿಯುತ್ತಾರೆ. ಹಿಂದೆ ಸಣ್ಣ ಸಣ್ಣ ಚುಕ್ಕಿಯಂಥ ಹೊಲಿಗೆ, ಮುಂದೆ ಉದ್ದನೆಯ ರೇಷ್ಮೆ ಎಳೆ. ಹಿಂಬದಿಯಲ್ಲಿ ಒಂದೇ ಸಮನೆ ಬಿಳಿ ದಾರ ಓಡಿದ್ದರೆ ಅದು ಯಂತ್ರದ್ದು. ಯಂತ್ರದ್ದು ಕೊಳ್ಳಬಾರದೆಂದಲ್ಲ, ಕೈಕೆಲಸದ ಬೆಲೆ ತೆರಬಾರದು.

ಈಗ ಬೀದರಿನ ಮಾತು. ನಿಮ್ಮ ಊರಿನಿಂದ ಬಸ್ಸೂ ಇದೆ, ರೈಲೂ ಇದೆ, ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ನಾನಕ್ ಝೀರಾ ಸಾಹೇಬಿನಲ್ಲಿ, ಗುರು ನಾನಕರು ದಕ್ಷಿಣಕ್ಕೆ ಬಂದಾಗ ಪಾದದಿಂದ ಕಲ್ಲು ಸರಿಸಿದ ಜಾಗದಲ್ಲಿ ಚಿಮ್ಮಿತೆಂದು ನಂಬುವ ಸಿಹಿನೀರಿನ ಝರಿ ಈಗಲೂ ಹರಿಯುತ್ತಿದೆ. ತಲೆಗೆ ವಸ್ತ್ರ, ಜೋಡಾಘರ, ಕಡಾಹ ಪ್ರಸಾದ, ಪಂಗತ್, ಎಲ್ಲವೂ ಅಮೃತಸರದ ಕ್ರಮವೇ, ಜನಸಂದಣಿ ಮಾತ್ರ ಕಡಿಮೆ. ಅತ್ತೆಯವರು ಅಲ್ಲಿ ಒಮ್ಮೆ ಎರಡೂ ಅಂಗೈ ಒಡ್ಡಿ ರೊಟ್ಟಿ ಇಸಿದುಕೊಳ್ಳಲಿ. ನೆಲದಿಂದ ಏಳಲು ಎಷ್ಟು ಹೊತ್ತು ಬೇಕಾಯಿತು, ಬರಿಗಾಲಿನಲ್ಲಿ ಎಷ್ಟು ದೂರ ನಡೆದರು, ರಾತ್ರಿ ಪಾದ ಹೇಗಿತ್ತು, ಬರೆದಿಟ್ಟುಕೊಳ್ಳಿ. ಆ ಚೀಟಿಯನ್ನು ನನಗೆ ಕಳುಹಿಸಿ. ಅವರ ಮಂಡಿಗೆ ಎಷ್ಟು ದಿನದ ಪ್ರವಾಸ, ಯಾವ ರೈಲು, ಯಾವ ಕೋಣೆ ಎಂಬುದನ್ನು ಅದನ್ನು ನೋಡಿ ಗೊತ್ತುಮಾಡಿ ಬರೆಯುತ್ತೇನೆ.